ನಮ್ಮ ಟಪಾಲು ಸಂವಹನ ಓದಿದ್ದು

ನನ್ನ ಅಣ್ಣಂದಿರಿಬ್ಬರೂ ಸೇರಿ ಒಂದು ಸೋಫಾ ರಿಪೇರಿ ಅಂಗಡಿ ನಡೆಸುತ್ತಾರೆ. ದೊಡ್ಡಣ್ಣನದು ಮರದ ಕೆಲಸ. ಚಿಕ್ಕಣ್ಣನದು ಸ್ಪಂಜು, ಬಟ್ಟೆ, ಹೊಲಿಗೆ. ಒಬ್ಬ ಚೌಕಟ್ಟು ಕೊಡದೆ ಇನ್ನೊಬ್ಬ ಕತ್ತರಿ ಎತ್ತುವ ಹಾಗಿಲ್ಲ. ಇಂಥ ಇಬ್ಬರು ಮಾತು ಬಿಟ್ಟು, ಒಂದೇ ಕೋಣೆಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದರು ಎಂದರೆ ಯಾರೂ ನಂಬುವುದಿಲ್ಲ. ನಾನು ನಂಬದೆ ವಿಧಿಯಿಲ್ಲ. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು, ನಡುವಿನ ಗೋಡೆ ಬರೀ ಹಲಗೆಯದು.

ಜಗಳದ ಮೂಲ ಕೇಳಿದರೆ ತಲೆ ಚಚ್ಚಿಕೊಳ್ಳಬೇಕು. ಗಿರಾಕಿಯೊಬ್ಬರು ರಿಪೇರಿಯಾದ ತಮ್ಮ ಸೋಫಾದ ಮೇಲೆ ಕೂತು, ಎರಡು ಸಲ ಕುಪ್ಪಳಿಸಿ ನೋಡಿ, "ಯಾರು ಮಾಡಿದ್ದು ಇದನ್ನ? ತುಂಬಾ ಚೆನ್ನಾಗಿದೆ" ಎಂದರು. ಇಬ್ಬರೂ ಒಟ್ಟಿಗೆ "ನಾನು" ಎಂದರು. ಗಿರಾಕಿ ಸೋಫಾ ಹೊರಿಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋದರು. ಇವರು ಮಾತ್ರ ಮನುಷ್ಯ ಕೂರುವುದು ಮರದ ಮೇಲೋ ಸ್ಪಂಜಿನ ಮೇಲೋ ಎಂದು ಸಂಜೆಯವರೆಗೆ ಗಂಟಲು ಹರಿದುಕೊಂಡರು.

"ಹಾಗಾದ್ರೆ ಇನ್ಮೇಲೆ ಬರೀ ಹಲಗೆ ಮೇಲೆ ಕೂರ್ಸು ಜನಾನ" ಎಂದ ಚಿಕ್ಕಣ್ಣ.

"ನೀನು ನಿನ್ನ ಸ್ಪಂಜನ್ನ ಗಾಳೀಲಿ ನಿಲ್ಸು" ಎಂದ ದೊಡ್ಡಣ್ಣ.

ಮಾತು ಅಲ್ಲಿಗೆ ನಿಂತಿತು. ಮಾರನೆಯ ದಿನ ಚಿಕ್ಕಣ್ಣನ ಮಗಳು ಸ್ಕೂಲಿನಿಂದ ಬಂದು, ಎಂದಿನಂತೆ ಸ್ಪಂಜಿನ ರಾಶಿಯ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು. ಆಗ ಅವಳು ಮೂರನೆಯ ಕ್ಲಾಸು. ಚಿಕ್ಕಣ್ಣ ಗೋಡೆ ನೋಡಿಕೊಂಡು, "ನಿಮ್ಮ ದೊಡ್ಡಪ್ಪಂಗೆ ಹೇಳು, ಸುತ್ತಿಗೆ ಕೊಡ್ಬೇಕಂತೆ" ಎಂದ. ಸುತ್ತಿಗೆ ದೊಡ್ಡಣ್ಣನ ಮೊಣಕಾಲ ಪಕ್ಕದಲ್ಲೇ ಇತ್ತು. ಅವನಿಗೆ ಮಾತು ಚೆನ್ನಾಗಿಯೇ ಕೇಳಿಸಿತ್ತು. ಆದರೂ ಅವನು ಅಲುಗಾಡಲಿಲ್ಲ. ಮಗು ತಲೆ ಎತ್ತಿ, "ದೊಡ್ಡಪ್ಪ, ಸುತ್ತಿಗೆ ಕೊಡ್ಬೇಕಂತೆ" ಎಂದಾಗ ಮಾತ್ರ, "ತಗೊಳ್ಳೋಕೆ ಹೇಳು" ಎಂದ.

ಅಂಗಡಿಯ ಕಾನೂನು ಅವತ್ತೇ ಜಾರಿಗೆ ಬಂತು. ಕಿವಿಗೆ ಬಿದ್ದದ್ದು ಲೆಕ್ಕಕ್ಕಿಲ್ಲ. ಹುಡುಗಿಯ ಬಾಯಿಂದ ಬಂದದ್ದಷ್ಟೇ ಮಾತು. ಅವಳು ಸ್ಕೂಲಿಗೆ ಹೋದ ಹೊತ್ತಿನಲ್ಲಿ ಇಬ್ಬರೂ ಮಾತು ಬೇಡದ ಕೆಲಸಗಳನ್ನು ಮಾಡಿಕೊಂಡು, ಅವಳು ಬರುವ ದಾರಿ ಕಾಯುತ್ತಿದ್ದರು. ಬೀದಿಯವರು ಅವಳಿಗೆ ಟಪಾಲು ಎಂದು ಹೆಸರಿಟ್ಟರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕಷ್ಟೇ ಉಳಿಯಿತು.

ಅವಳೇನು ಸಾಮಾನ್ಯದ ಟಪಾಲಲ್ಲ. ದಾರಿಯಲ್ಲೇ ಪತ್ರ ಒಡೆದು, ಕೆಟ್ಟದ್ದನ್ನು ಕಿತ್ತುಹಾಕಿ, ಮತ್ತೆ ಅಂಟಿಸಿ ತಲುಪಿಸುವ ಟಪಾಲು.

"ಆ ಮನುಷ್ಯಂಗೆ ಹೇಳು, ಕುರ್ಚಿ ಕಾಲು ಸೊಟ್ಟಗಿದೆ, ಅವನ ಬುದ್ಧಿ ಥರಾನೇ."

"ದೊಡ್ಡಪ್ಪ, ಕಾಲು ಸ್ವಲ್ಪ ನೋಡ್ಬೇಕಂತೆ. ಉಳಿದದ್ದೆಲ್ಲ ಚೆನ್ನಾಗಿದೆಯಂತೆ."

"ನೋಡ್ತೀನಿ ಅನ್ನು. ಕೆಲಸ ಬರೋರು ಮರ ತೋರಿಸ್ತಾರೆ, ಬರದೇ ಇರೋರು ಬಟ್ಟೆ ಹಾಕಿ ಮುಚ್ತಾರೆ ಅಂತಾನೂ ಅನ್ನು."

"ಅಪ್ಪ, ನೋಡ್ತಾರಂತೆ. ಬಟ್ಟೆ ಬಣ್ಣ ಒಪ್ಪುತ್ತಂತೆ."

ಇಬ್ಬರೂ ಒಬ್ಬರ ಬೈಗುಳ ಒಬ್ಬರು ಕಿವಿಯಾರೆ ಕೇಳಿ, ಅವಳ ಮಾತಿಗೆ ಮಾತ್ರ ಸಮಾಧಾನವಾಗಿ ತಲೆಯಾಡಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಒಬ್ಬ ಇನ್ನೊಬ್ಬನ ಕೆಲಸವನ್ನು ಒಂದು ಸಲವೂ ಹೊಗಳಿದ್ದಿಲ್ಲ. ಆದರೆ ಅವಳ ಬಾಯಲ್ಲಿ ಇಬ್ಬರೂ ಒಬ್ಬರಿಂದೊಬ್ಬರು ದಿನಕ್ಕೆ ಹತ್ತು ಸಲ ಹೊಗಳಿಸಿಕೊಳ್ಳುತ್ತಿದ್ದರು. ಅತ್ತಿಗೆಯರಿಬ್ಬರೂ ಆ ಕಡೆ ತಲೆಯೇ ಹಾಕಲಿಲ್ಲ. ಮನೆಯಲ್ಲಿ ಅವರಿಬ್ಬರ ಮಾತು ನಿಲ್ಲಿಸುವುದೇ ಕಷ್ಟ. ದೊಡ್ಡಣ್ಣನಿಗೆ ಮಕ್ಕಳಿಲ್ಲ, ಹಾಗಾಗಿ ಆ ಮನೆಗೂ ಈ ಮನೆಗೂ ಅವಳೊಬ್ಬಳೇ ಮಗಳು.

ಕಾಲೇಜಿಗೆ ಸೇರುವಾಗ ಅವಳು ಸಂವಹನವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಳು. ನಾನು ಅರ್ಜಿ ಜೆರಾಕ್ಸ್ ಮಾಡುವಾಗ ನೋಡಿ ನಕ್ಕುಬಿಟ್ಟೆ.

"ಮಾತಾಡೋದನ್ನ ಕಲಿಯೋಕೆ ಮೂರು ವರ್ಷವಾ?" ಎಂದ ಚಿಕ್ಕಣ್ಣ.

"ನಿಮ್ಮಪ್ಪಂಗೆ ಹೇಳು, ಕೆಲವರಿಗೆ ಮೂವತ್ತು ವರ್ಷವಾದ್ರೂ ಬರಲ್ಲ" ಎಂದ ದೊಡ್ಡಣ್ಣ.

"ಅಪ್ಪ, ದೊಡ್ಡಪ್ಪ ಒಳ್ಳೇ ವಿಷಯ ಅಂತಿದಾರೆ" ಎಂದಳು ಟಪಾಲು.

ಎದುರಿನ ಔಷಧಿ ಅಂಗಡಿಯವನು ಕಮ್ಯುನಿಕೇಷನ್ ಎಂದರೆ ಮೊಬೈಲ್ ರಿಪೇರಿ ಎಂದುಕೊಂಡು, ಒಡೆದ ಸ್ಕ್ರೀನಿನ ಫೋನು ತಂದು ಅವಳ ಕೈಗಿಟ್ಟ. ಮೂರು ವರ್ಷವೂ ಸಿಕ್ಕಾಗಲೆಲ್ಲ "ಇನ್ನೂ ಆ ಪಾಠ ಬಂದಿಲ್ವಾ?" ಎಂದು ಕೇಳುತ್ತಲೇ ಇದ್ದ.

ಮೊದಲ ವಾರವೇ ಅವಳು ಮುಖ ಅರಳಿಸಿಕೊಂಡು ನನ್ನ ಅಂಗಡಿಗೆ ಬಂದಳು. "ಅತ್ತೆ, ಇವತ್ತು ಮೇಷ್ಟ್ರು ಬೋರ್ಡ್ ಮೇಲೆ ನಮ್ಮ ಅಂಗಡಿ ಬರೆದಿದ್ರು. ಈ ಕಡೆ ಹೇಳೋನು, ಆ ಕಡೆ ಕೇಳೋನು, ಮಧ್ಯ ಒಂದು ಗೆರೆ. ಆ ಗೆರೆ ನಾನೇ."

"ಗೆರೆಗೆ ಮಾರ್ಕ್ಸ್ ಕೊಡ್ತಾರಾ?" ಎಂದೆ. ಕೊಡುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇಟ್ಟರು. ನಮ್ಮ ಟಪಾಲು ವಿಷಯದ ಪರವಾಗಿ ಮಾತಾಡಬೇಕು, ಎದುರಿಗಿದ್ದವಳು ವಿರೋಧವಾಗಿ. ಎದುರಿನವಳು ಮೇಜು ಕುಟ್ಟಿ ಹತ್ತು ಮಾತು ಆಡಿದಳು. ನಮ್ಮವಳು ಎದ್ದು, "ಅವರು ಹೇಳ್ತಿರೋದು ಏನಂದ್ರೆ…" ಎಂದು ಶುರುಮಾಡಿ, ಮುಳ್ಳು ತೆಗೆದು ಬೆಣ್ಣೆ ಹಚ್ಚಿ ಅದೇ ಮಾತನ್ನು ಹೇಳಿದಳು. ಎದುರಿನವಳು "ಹೌದೌದು, ನಾನು ಅಂದದ್ದೂ ಅದೇ" ಎಂದಳು. ಎರಡೂ ಕಡೆಯವರು ಕೈಕುಲುಕಿಕೊಂಡರು. ಅರ್ಧ ಗಂಟೆಯ ಚರ್ಚೆ ಐದು ನಿಮಿಷಕ್ಕೆ ಮುಗಿದು, ತೀರ್ಪುಗಾರರು ಕಕ್ಕಾಬಿಕ್ಕಿಯಾದರು. "ಚರ್ಚೆ ಮಾಡು ಅಂದ್ರೆ ರಾಜಿ ಮಾಡಿಸ್ತೀಯಲ್ಲಮ್ಮ" ಎಂದು ಮೇಷ್ಟ್ರು ಸೊನ್ನೆ ಹಾಕಿದರು.

ಅದು ನಗುವ ಮಾತಾಯಿತು. ನಗು ಬಾರದ್ದೂ ಒಂದಿತ್ತು. ಕ್ಲಾಸಿನಲ್ಲಿ ಒಬ್ಬೊಬ್ಬರೂ ಎದ್ದು ತಮಗೆ ಅನ್ನಿಸಿದ್ದನ್ನು ಎರಡು ನಿಮಿಷ ಹೇಳಬೇಕು. ಏನು ಬೇಕಾದರೂ ಹೇಳಬಹುದು. ಟಪಾಲು ಎದ್ದು ನಿಂತಳು, ತುಟಿ ಪಿಟಕ್ಕೆನ್ನಲಿಲ್ಲ. "ನಿನಗೇನನ್ಸುತ್ತೆ?" ಎಂದು ಮೇಷ್ಟ್ರು ಕೇಳಿದರೆ, "ಕೆಲವರು ಹೀಗಂತಾರೆ ಸರ್, ಇನ್ನು ಕೆಲವರು ಹಾಗಂತಾರೆ" ಎಂದಳು. "ನೀನೇನಂತೀಯಾ?" ಎಂದರೆ ಕೂತುಬಿಟ್ಟಳು. ಅವತ್ತು ನನ್ನ ಅಂಗಡಿಗೆ ಬಂದು, ಮಷೀನಿನ ಮೇಲೆ ಮೊಣಕೈ ಊರಿ, "ಅತ್ತೆ, ನನಗೆ ಏನೂ ಅನ್ಸೋದೇ ಇಲ್ವಾ ಅಂತ" ಎಂದು ಕೇಳಿದಳು. ಹಲಗೆ ಗೋಡೆಯ ಆಚೆ ಆ ಇಬ್ಬರು ಅವಳು ಬರಲೆಂದು ಕೆಮ್ಮುತ್ತಿದ್ದರು.

ಕೊನೆಯ ವರ್ಷ ಮೂರು ತಿಂಗಳು ಹೊರಗೆ ಎಲ್ಲಾದರೂ ಕೆಲಸ ಕಲಿತು ಬರಬೇಕು. ಅಲ್ಲಿಂದ ಪ್ರಮಾಣಪತ್ರ ತರದಿದ್ದರೆ ಡಿಗ್ರಿ ಇಲ್ಲ. ಬೇರೆ ಊರಿನ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ಅವಳಿಗೆ ಜಾಗ ಸಿಕ್ಕಿತು. ಮನೆಯಲ್ಲಿ ಹೇಳುವುದು ಹೇಗೆ? "ನೀವೇ ಹೇಳಿ ಅತ್ತೆ" ಎಂದು ನನ್ನ ಸೆರಗು ಹಿಡಿದಳು. "ಟಪಾಲು ನೀನು, ನಾನಲ್ಲ" ಎಂದೆ. ಕೊನೆಗೆ ಅವಳು ಅಂಗಡಿಯ ನಡುವೆ ನಿಂತು, ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು.

"ಅಪ್ಪ, ನಾನು ಮೂರು ತಿಂಗಳು ರೇಡಿಯೋ ಕೆಲಸಕ್ಕೆ ಹೋಗ್ಬೇಕು ಅಂತ ದೊಡ್ಡಪ್ಪ ಹೇಳ್ತಿದಾರೆ."

ದೊಡ್ಡಣ್ಣ ಉಳಿ ಕೆಳಗಿಟ್ಟ. "ನಾನೆಲ್ಲಿ ಹೇಳ್ದೆ? ನಾನು ಹೇಳಿಲ್ಲ ಅಂತ ನಿಮ್ಮಪ್ಪಂಗೆ ಹೇಳು."

"ಅಪ್ಪ, ಸೋಮವಾರವೇ ಹೊರಡ್ಬೇಕಂತೆ."

ದೊಡ್ಡಣ್ಣ ಕೈ ಆಡಿಸಿದ, ತಲೆ ಆಡಿಸಿದ, ಕೆಂಪಗಾದ. ತಮ್ಮನ ಕಡೆ ತಿರುಗಿ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಚಿಕ್ಕಣ್ಣ ಎಲ್ಲವನ್ನೂ ಕಣ್ಣಾರೆ ನೋಡಿ, ಕಾನೂನಿನ ಪ್ರಕಾರ ಬಂದ ಮಾತಿಗೆ ಉತ್ತರ ಕೊಟ್ಟ: "ಅವನೇ ಒಪ್ಪಿದ ಮೇಲೆ ನಾನು ಬೇಡ ಅಂದ್ರೆ ನಾನು ಕೆಟ್ಟವನಾಗ್ತೀನಿ. ಹೋಗಿ ಬಾ." ಹಲಗೆ ಸಂದಿಯಲ್ಲಿ ನೋಡುತ್ತಿದ್ದ ನಾನು ಗೋಡೆಯ ಈಚೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕೆ.

ಅವಳು ಹೋದ ಮೇಲೆ ಅಂಗಡಿ ಬಿಕೋ ಎನ್ನುತ್ತದೆ, ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದೆ. ಇವರು ನನಗಿಂತ ಜಾಣರು. ಚಿಕ್ಕಣ್ಣ ತನ್ನ ಫೋನನ್ನು ಇಬ್ಬರ ನಡುವಿನ ಮೇಜಿನ ಮೇಲಿಟ್ಟು, ಜೋರಾಗಿ ಕೇಳುವ ಹಾಗೆ ಮಾಡಿ, ಅವಳಿಗೆ ಕರೆ ಹಚ್ಚಿದ. "ನಿಮ್ಮ ದೊಡ್ಡಪ್ಪಂಗೆ ಹೇಳು, ಮೊಳೆ ಡಬ್ಬಿ ಈ ಕಡೆ ತಳ್ಬೇಕಂತೆ." ಬೇರೆ ಊರಿನಿಂದ ಅವಳ ದನಿ ಬಂತು: "ದೊಡ್ಡಪ್ಪ, ಮೊಳೆ ಡಬ್ಬಿ." ಡಬ್ಬಿ ಒಂದು ಮಾರು ದೂರ ಜಾರಿ ಬಂತು.

ದಿನಕ್ಕೆ ಹತ್ತು ಹದಿನೈದು ಕರೆ. ರೇಡಿಯೋ ಕೇಂದ್ರದಲ್ಲಿ ನೇರ ಪ್ರಸಾರದ ಹೊತ್ತಿಗೆ ಎಲ್ಲರೂ ಫೋನನ್ನು ಹೊರಗೆ ಬುಟ್ಟಿಯಲ್ಲಿಟ್ಟು ಒಳಗೆ ಹೋಗಬೇಕು. ಒಂದು ಬೆಳಿಗ್ಗೆ ಅವಳ ಫೋನು ಬುಟ್ಟಿಯಲ್ಲಿ ಬಡಿದುಕೊಳ್ಳುತ್ತಲೇ ಇತ್ತು. ಒಳಗೆ ಆರೋಗ್ಯದ ನೇರ ಕಾರ್ಯಕ್ರಮ. ಅವಳು ಡಾಕ್ಟರ ಪಕ್ಕ ಕೂತು, ಕೇಳುಗರ ಪ್ರಶ್ನೆಗಳನ್ನು ಜೋಡಿಸಿಕೊಡುತ್ತಿದ್ದಳು. ಇತ್ತ ಅಂಗಡಿಯಲ್ಲಿ ಅಣ್ಣಂದಿರು, ನಮ್ಮೂರಿಗೂ ಕೇಳುತ್ತಿದ್ದ ಅದೇ ಕಾರ್ಯಕ್ರಮವನ್ನು ಹೆಮ್ಮೆಯಿಂದ ಹಾಕಿಕೊಂಡು ಕೂತಿದ್ದರು. ಕಾರ್ಯಕ್ರಮಕ್ಕೆ ಕರೆ ಮಾಡುವ ನಂಬರನ್ನು ರೇಡಿಯೋದಲ್ಲಿ ಗಳಿಗೆಗೊಮ್ಮೆ ಹೇಳುತ್ತಲೇ ಇದ್ದರು. ಚಿಕ್ಕಣ್ಣ ಆ ನಂಬರಿಗೇ ಹಚ್ಚಿಬಿಟ್ಟ.

"ಹೇಳಿ, ಏನು ತೊಂದರೆ?" ಎಂದರು ಡಾಕ್ಟರು.

"ನನಗೇನೂ ತೊಂದ್ರೆ ಇಲ್ಲ ಡಾಕ್ಟ್ರೆ. ನಿಮ್ಮ ಪಕ್ಕ ನಮ್ಮ ಹುಡುಗಿ ಇದಾಳಲ್ಲ, ನನ್ನ ಕತ್ತರಿ ಎಲ್ಲಿಟ್ಟಿದಾರೆ ಅಂತ ಅವಳ ದೊಡ್ಡಪ್ಪನ್ನ ಕೇಳೋಕೆ ಹೇಳಿ."

ಡಾಕ್ಟರು ಒಳ್ಳೆಯ ಮನುಷ್ಯ. ಇಡೀ ಊರಿಗೆ ಕೇಳುವಂತೆ, "ನಿಮ್ಮ ದೊಡ್ಡಪ್ಪ ಕತ್ತರಿ ಎಲ್ಲಿಟ್ಟಿದಾರೆ ಅಂತ ಕೇಳ್ಬೇಕಂತಮ್ಮ" ಎಂದರು. ಅವಳು ಬಾಯಿ ತೆರೆಯುವ ಮೊದಲೇ ಅದೇ ಫೋನಿನಲ್ಲಿ ದೊಡ್ಡಣ್ಣನ ದನಿ ಗುಡುಗಿತು: "ಡಾಕ್ಟ್ರೆ, ನಾನು ಮುಟ್ಟಿಲ್ಲ ಅಂತ ಅವಳಿಗೆ ಹೇಳಿ. ಅವಳು ಅವರಪ್ಪಂಗೆ ಹೇಳ್ತಾಳೆ."

"ಅವರು ಮುಟ್ಟಿಲ್ವಂತೆ" ಎಂದ ಡಾಕ್ಟರು, ಸ್ವಲ್ಪ ತಡೆದು, "ಅಲ್ಲಮ್ಮ, ಅವರಿಬ್ರೂ ಒಂದೇ ಕಡೆ ಇದಾರಲ್ವಾ?" ಎಂದರು.

ಕೇಂದ್ರದ ಮುಖ್ಯಸ್ಥೆ ಅವಳನ್ನು ಕರೆದು ಚೆನ್ನಾಗಿ ಝಾಡಿಸಿದರು. ಇನ್ನೊಮ್ಮೆ ಹೀಗಾದರೆ ಪ್ರಮಾಣಪತ್ರದ ಆಸೆ ಬಿಡಬೇಕು. ಆ ಪತ್ರಕ್ಕೆ ಮೊದಲಿಂದಲೂ ಇನ್ನೊಂದು ಷರತ್ತಿತ್ತು: ತರಬೇತಿಯ ಕೊನೆಗೆ ಹತ್ತು ನಿಮಿಷ ಮೈಕಿನ ಮುಂದೆ ಕೂತು, ಯಾರ ಮಾತನ್ನೂ ಹೇಳದೆ, ತನ್ನದೇ ಮಾತು ಹೇಳಬೇಕು. ಅದು ಪ್ರಸಾರವೂ ಆಗುತ್ತದೆ. ಅವಳು ಅದಾಗಲೇ ಎರಡು ಸಲ ರೆಕಾರ್ಡ್ ಮಾಡಿದ್ದಳು, ಎರಡು ಸಲವೂ "ಕೆಲವರು ಹೀಗಂತಾರೆ, ಇನ್ನು ಕೆಲವರು…" ಎಂದೇ ಹೊರಟಿದ್ದಳು. ಮುಖ್ಯಸ್ಥೆ ಎರಡನ್ನೂ ಅಳಿಸಿ, ಇನ್ನೊಂದೇ ಅವಕಾಶ ಎಂದಿದ್ದರು.

ರಾತ್ರಿ ನನಗೆ ಫೋನು ಮಾಡಿ ಅತ್ತಳು. ಮೂರು ವರ್ಷದ ಓದು ಒಂದು ಕತ್ತರಿಗೆ ಹೋಗುವ ಹಾಗಿತ್ತು. ನನಗೆ ತಡೆಯಲಾಗಲಿಲ್ಲ. ಅಣ್ಣಂದಿರಿಗೆ ಉಗಿದು, "ಅವಳಿಗೆ ಫೋನ್ ಮಾಡ್ಬೇಡಿ, ನಾನೇ ಹೇಳ್ತೀನಿ ನಿಮ್ಮಿಬ್ರ ಮಾತು" ಎಂದು ಮಾರನೆಯ ದಿನ ಹೋಗಿ ನಡುವೆ ಕೂತೆ. ಆದರೆ ನಾನು ಜೆರಾಕ್ಸ್ ಅಂಗಡಿಯವಳು, ಇದ್ದದ್ದನ್ನು ಇದ್ದ ಹಾಗೆ ಕೊಟ್ಟು ಅಭ್ಯಾಸ. "ದೊಡ್ಡಣ್ಣ, ನೀನು ಕತ್ತೆಯಂತೆ, ಕತ್ತೆಗಾದ್ರೂ ಅಳತೆ ಗೊತ್ತಿರುತ್ತಂತೆ" ಎಂದೆ. "ಚಿಕ್ಕಣ್ಣ, ನಿನ್ನ ಹೊಲಿಗೆ ನೋಡಿ ಇಲಿ ಕಚ್ಚಿದೆ ಅಂದ್ಕೊಂಡಿದ್ನಂತೆ" ಎಂದೆ. ಅವರು ಅಂದದ್ದೇ ಅದು, ಅವರ ಕಿವಿಗೆ ಬಿದ್ದದ್ದೂ ಅದೇ. ಆದರೂ ನನ್ನ ಬಾಯಲ್ಲಿ ಬಂದಾಗ ಇಬ್ಬರೂ ಹೌಹಾರಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಕುರ್ಚಿ ಮುರಿದಿತ್ತು. ಮಾತು ತಲುಪಿಸುವವಳು ಸರಿಯಿಲ್ಲ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ಮೂಡಿ ನನ್ನನ್ನು ಕೆಲಸದಿಂದ ತೆಗೆದರು.

ಫೋನು ಮತ್ತೆ ಮೇಜಿನ ಮೇಲೆ ಬಂತು. "ದಯವಿಟ್ಟು ಮಾಡ್ಬೇಡಿ" ಎಂದು ಅವಳು ಇಬ್ಬರನ್ನೂ ಬೇಡಿಕೊಂಡಳು. "ನಾನೆಲ್ಲಿ ಮಾಡ್ತೀನಿ, ಅದನ್ನ ನಿಮ್ಮ ದೊಡ್ಡಪ್ಪಂಗೆ ಹೇಳು" ಎಂದ ಇವನು. "ಫೋನ್ ಯಾರದು ಅಂತ ನಿಮ್ಮಪ್ಪನ್ನ ಕೇಳು" ಎಂದ ಅವನು.

ಅವಳ ತರಬೇತಿ ಮುಗಿಯುವ ಹೊತ್ತಿಗೆ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಒಂದು ಉದ್ದನೆಯ ಬೆಂಚು ಮಾಡುವುದಿತ್ತು, ಕಾಯುವ ಜನ ಕೂರಲು. ಅದನ್ನು ಒಯ್ಯುವ ದಿನ ಬಂತು, ಸಂಜೆ ಗಾಡಿ ಬರುವುದಿತ್ತು. ನೋಡಿದರೆ ಮರ ಉದ್ದವಾಗಿದೆ, ಹೊಲಿದ ಬಟ್ಟೆ ನಾಲ್ಕು ಬೆರಳು ಸಾಲದು. ಮರ ಕುಯ್ಯಬೇಕೋ, ಬಟ್ಟೆಗೆ ತೇಪೆ ಹಾಕಬೇಕೋ? ನಾನು ಮಧ್ಯಾಹ್ನದ ಊಟ ಹಿಡಿದುಕೊಂಡು ಹೋದಾಗ ಇಬ್ಬರೂ ಮುಖ ಗಂಟಿಕ್ಕಿಕೊಂಡು ಬೆಂಚಿನ ಎರಡು ತುದಿಯಲ್ಲಿ ನಿಂತಿದ್ದರು. ನನ್ನನ್ನು ಕಂಡು ಇಬ್ಬರ ಬಾಯಿಯೂ ತೆರೆಯಿತು. ನಾನು ತಟ್ಟನೆ ಡಬ್ಬಿ ಬಿಚ್ಚಿ, ದೊಡ್ಡ ತುತ್ತು ಬಾಯಿಗೆ ತುಂಬಿಕೊಂಡೆ.

ಚಿಕ್ಕಣ್ಣ ಫೋನು ಹಚ್ಚಿದ. ಅವಳು ಎತ್ತಿದಳು. ಅವಳ ಕೊನೆಯ ರೆಕಾರ್ಡಿಂಗು ಅವತ್ತೇ ಎಂದು ನನಗೆ ಗೊತ್ತಿತ್ತು.

"ನಿಮ್ಮ ದೊಡ್ಡಪ್ಪಂಗೆ ಹೇಳು, ಮರ ಉದ್ದ ಆಗಿದೆ, ಅಳತೆ ಪಟ್ಟಿ ಹಿಡಿಯೋಕೂ ಬರಲ್ಲ."

ಉತ್ತರವಿಲ್ಲ.

"ನಿಮ್ಮಪ್ಪಂಗೆ ಹೇಳು, ಮರ ಸರಿಯಾಗಿದೆ, ಬಟ್ಟೆ ಗಿಡ್ಡ" ಎಂದ ದೊಡ್ಡಣ್ಣ.

ಉತ್ತರವಿಲ್ಲ. ಇಬ್ಬರೂ ಫೋನಿನ ಕಡೆ ಕತ್ತು ಚಾಚಿಕೊಂಡು ನಿಂತರು. ಇಬ್ಬರಿಗೂ ಕನ್ನಡಕವಿಲ್ಲದೆ ಹತ್ತಿರದ್ದು ಕಾಣದು. ನನಗೆ ಕಾಣುತ್ತಿತ್ತು. ಕರೆ ಕಡಿದಿರಲಿಲ್ಲ, ಫೋನಿನ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು. ಹುಡುಗಿ ಆ ತುದಿಯಲ್ಲಿದ್ದಳು, ಕೇಳುತ್ತಿದ್ದಳು, ಹೇಳುತ್ತಿರಲಿಲ್ಲ. ನನ್ನ ಬಾಯಲ್ಲಿ ತುತ್ತು ಹಾಗೇ ನಿಂತಿತು.

"ಲೈನ್ ಕಟ್ಟಾಯ್ತು ಅನ್ಸುತ್ತೆ" ಎಂದ ದೊಡ್ಡಣ್ಣ.

"ಅಲ್ಲಿ ಟವರ್ ಸರಿಯಾಗಿ ಸಿಗಲ್ಲ" ಎಂದ ಚಿಕ್ಕಣ್ಣ.

"ನಿನ್ನೆ ಸಿಗ್ತಿತ್ತಲ್ಲ."

"ನಿನ್ನೆ ಎಲ್ಲಿ ಸಿಕ್ತು? ಎರಡೆರಡು ಸಲ ಹೇಳ್ಬೇಕಾಯ್ತು."

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡಣ್ಣ ಬೆಂಚಿನ ಅಂಚನ್ನು ಅಂಗೈಯಿಂದ ಸವರಿದ. ಆಮೇಲೆ, ನೆಲ ನೋಡಿಕೊಂಡು, "ಎಷ್ಟು ಕಮ್ಮಿ ಇದೆ ಬಟ್ಟೆ?" ಎಂದ.

"ನಾಲ್ಕು ಬೆರಳು."

"ಮರ ಕುಯ್ದುಬಿಡ್ಲಾ?"

"ಬೇಡ ಬೇಡ" ಎಂದ ಚಿಕ್ಕಣ್ಣ, ಗಾಬರಿಯಾದವನ ಹಾಗೆ. "ಇಷ್ಟು ಚೆನ್ನಾಗಿ ಬಂದಿದೆ ಮರ, ಯಾಕೆ ಕುಯ್ತೀಯಾ? ನಾನು ಎರಡೂ ಕಡೆ ಪಟ್ಟಿ ಕೊಟ್ಟು ಹೊಲೀತೀನಿ. ನೀನು ಆ ತುದಿ ಸ್ವಲ್ಪ ಎತ್ಕೋ ಅಣ್ಣ."

ಅಣ್ಣ ಎತ್ತಿಕೊಂಡ. ಹನ್ನೆರಡು ವರ್ಷದಿಂದ ಆ ಹುಡುಗಿ ತನ್ನ ಬಾಯಿಂದ ಹುಟ್ಟಿಸಿ ಹೇಳುತ್ತಿದ್ದ ಹೊಗಳಿಕೆಯನ್ನು ಚಿಕ್ಕಣ್ಣ ಮೊದಲ ಸಲ ತಾನೇ ಹೇಳಿದ್ದ. ಬೆಂಚನ್ನು ಬೆಳಕಿಗೆ ಒಯ್ಯಲು ಇಬ್ಬರೂ ಹೊರಗೆ ಹೋದರು. "ನಿಧಾನ, ಬಾಗಿಲು ತಗುಲುತ್ತೆ" ಎಂದು ಒಬ್ಬ, "ನನಗೂ ಕಣ್ಣಿದೆ" ಎಂದು ಇನ್ನೊಬ್ಬ. ನಾನು ತುತ್ತು ನುಂಗಿ ಫೋನು ಎತ್ತಿಕೊಂಡೆ.

"ಇದೀಯೇನೇ?"

"ಇದೀನಿ ಅತ್ತೆ." ದನಿ ಒದ್ದೆಯಾಗಿತ್ತು. "ಇಷ್ಟು ಸುಲಭವಾ ಅತ್ತೆ ಇದು? ಇಷ್ಟು ವರ್ಷ ನಾನೇ ಅಡ್ಡ ಕೂತಿದ್ನಾ?"

ನನಗೆ ಸಿಟ್ಟು ಬಂತು. "ನೀನಾಗಿ ಕೂತಿದ್ದಲ್ಲ. ಮಗ್ಗಿ ಬರೀತಿದ್ದ ಮಗೂನ ಹಿಡಿದು ಅವರು ಕೂರಿಸಿದ್ದು. ಇದಕ್ಕೂ ನಿನಗೆ ಏನೂ ಅನ್ಸಲ್ಲ ಅಂದ್ರೆ ನನ್ನ ಹತ್ರ ಬರಬೇಡ" ಎಂದೆ. ಅವಳು "ಅನ್ಸುತ್ತೆ" ಎಂದು ಫೋನಿಟ್ಟಳು.

ಅವಳ ಹತ್ತು ನಿಮಿಷ ಭಾನುವಾರ ಬೆಳಿಗ್ಗೆ ಪ್ರಸಾರವಾಯಿತು. ಅಂಗಡಿಗೆ ರಜೆ, ಆದರೂ ಅಣ್ಣಂದಿರಿಬ್ಬರೂ ತಲೆ ಬಾಚಿಕೊಂಡು ಬಂದು, ಯಾರದೋ ಬಟ್ಟೆ ಕಿತ್ತ ಸೋಫಾದ ಮೇಲೆ ಕೂತರು. ನಾನು ಮೆಟ್ಟಿಲ ಮೇಲೆ ಕೂತೆ. ಮೊದಲು ಸ್ವಲ್ಪ ಕೆಮ್ಮು, ಆಮೇಲೆ ಅವಳ ದನಿ.

"ನಮಸ್ಕಾರ. ಚಿಕ್ಕಂದಿನಿಂದ ನಾನು ಬೇರೆಯವರ ಮಾತು ಹೇಳ್ತಾ ಬಂದೆ. ಇವತ್ತು ಹೇಳ್ತಿರೋದು ನನ್ನದು. ನನಗೆ ನಮ್ಮಪ್ಪನ ಮೇಲೂ ದೊಡ್ಡಪ್ಪನ ಮೇಲೂ ತುಂಬಾ ಸಿಟ್ಟಿದೆ."

ಉಳಿದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳ ಮಾತು. ಬೈದದ್ದಿತ್ತು, ನಗಿಸಿದ್ದೂ ಇತ್ತು. ಒಂದು ಕಡೆ, ಇಬ್ಬರೂ ಕೂಡಿ ಮಾಡಿದ ಸೋಫಾದಷ್ಟು ಮೆತ್ತಗಿನದು ಎಲ್ಲೂ ಇಲ್ಲ, ಅದರ ಮೇಲೆ ತನ್ನನ್ನು ಒಂದು ದಿನವೂ ಸುಮ್ಮನೆ ಕೂರಲು ಬಿಡಲಿಲ್ಲ ಎಂದಳು. ದೊಡ್ಡಣ್ಣ ಕೈಯಲ್ಲಿದ್ದ ಸ್ಪಂಜಿನ ಚೂರನ್ನು ಪುಡಿಪುಡಿ ಮಾಡುತ್ತಿದ್ದ. ಚಿಕ್ಕಣ್ಣ ಮೂಗು ಒರೆಸಿಕೊಳ್ಳುತ್ತಿದ್ದ.

ಮುಗಿದ ಮೇಲೆ ಚಿಕ್ಕಣ್ಣ ನನ್ನ ಕಡೆ ತಿರುಗಿ, "ಅವಳಿಗೆ ಹೇಳು…" ಎಂದವನು ಅಲ್ಲಿಗೇ ನಿಲ್ಲಿಸಿದ. ತಾನೇ ಫೋನು ತೆಗೆದು, ನಂಬರು ಒತ್ತಿದ. ಅವಳು ಎತ್ತಿದ ಕೂಡಲೇ ಹೇಳಬೇಕೆಂದುಕೊಂಡದ್ದೆಲ್ಲ ಮರೆತು, "ತಿಂಡಿ ತಿಂದ್ಯಾ?" ಎಂದ.

ದೊಡ್ಡಣ್ಣ ಅವನ ಪಕ್ಕೆ ತಿವಿದು, "ನನ್ನಿಂದ ತಪ್ಪಾಯ್ತು ಅಂತ ಹೇಳೋ ಅವಳಿಗೆ" ಎಂದು ಪಿಸುಗುಟ್ಟಿದ.

"ನಾನ್ಯಾಕೆ ಹೇಳ್ಲಿ? ನಿನ್ನ ಮಾತು ನೀನೇ ಹೇಳು" ಎಂದು ಚಿಕ್ಕಣ್ಣ ಫೋನನ್ನು ಅಣ್ಣನ ಬಾಯಿಗೆ ಹಿಡಿದ. ದೊಡ್ಡಣ್ಣ ಒಂದು ಸಲ ನನ್ನನ್ನೂ ಒಂದು ಸಲ ತಮ್ಮನನ್ನೂ ನೋಡಿದ. ಸಹಾಯಕ್ಕೆ ಯಾರೂ ಬರಲಿಲ್ಲ. ಕೊನೆಗೆ ಗಂಟಲು ಸರಿಮಾಡಿಕೊಂಡು, "ಮಗಳೇ, ನಾನು ದೊಡ್ಡಪ್ಪ ಮಾತಾಡ್ತಿದೀನಿ" ಎಂದು ಶುರುಮಾಡಿದ.